ಹುಡುಗರ ಶಾಲೆಯ ಸೌಟು

ಮುಖ್ಯ ರಸ್ತೆಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ, ನನ್ನ ಅಣ್ಣನ ಕನ್ನಡಕದ ಅಂಗಡಿ ಇದೆ. ಎಳ್ಳಿನ ಕಾಳಿಗಿಂತ ಸಣ್ಣ ಸ್ಕ್ರೂವನ್ನು ಚಿಮಟದಲ್ಲಿ ಎತ್ತಿ, ಉಸಿರು ಬಿಗಿಹಿಡಿದು, ಕನ್ನಡಕದ ಕಡ್ಡಿಗೆ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅದೇ ಮನುಷ್ಯ ಸಂಜೆ ಮನೆಗೆ ಬಂದು, ಅಂಗಿಯಿಂದ ಕಿತ್ತುಬಂದ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಹಲ್ಲು ಬಿದ್ದ ಮಗುವಿನ ಹಾಗೆ ಅತ್ತಿಗೆಯ ಮುಂದೆ ನಿಲ್ಲುತ್ತಾನೆ. ಇದನ್ನು ನಾನು ನೂರು ಸಲ ನೋಡಿದ್ದೇನೆ. ನೂರು ಸಲವೂ ನನ್ನ ಮೈ ಉರಿದಿದೆ.

ಅಂಗಡಿಯಲ್ಲಿ ಅವನಿಗೆ ಇನ್ನೊಂದು ಕಸುಬಿದೆ, ಅದು ಭಾಷಣ. ಯಾವುದಾದರೂ ತಾಯಿ ಮಗನನ್ನು ಕರೆತಂದಳೋ, ಅವಳ ಕಥೆ ಮುಗಿಯಿತು. ಹುಡುಗನ ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಭಾರದ ಚೌಕಟ್ಟು ಕೂತಿರುತ್ತದೆ, ಎದ್ದು ಓಡುವಂತಿಲ್ಲ. ಮಗನನ್ನು ಬಿಟ್ಟು ತಾಯಿಯೂ ಓಡುವಂತಿಲ್ಲ. ಅಣ್ಣ ಒಂದೊಂದೇ ಗಾಜು ಬದಲಿಸುತ್ತ ಶುರು ಮಾಡುತ್ತಾನೆ.

"ಹುಡುಗರನ್ನ ಹುಡುಗರ ಜೊತೇನೇ ಓದಿಸ್ಬೇಕಮ್ಮ. ಹುಡುಗೀರು ಪಕ್ಕದಲ್ಲಿದ್ರೆ ಇವನು ಅರ್ಧ ದಿನ ತಲೆ ಬಾಚ್ಕೊಳ್ಳೋದ್ರಲ್ಲೇ ಕಳೀತಾನೆ. ಇನ್ನರ್ಧ ದಿನ ಜಂಭ ಕೊಚ್ಚೋದ್ರಲ್ಲಿ. ನಮ್ಮ ಶಾಲೆ ಗೇಟನ್ನ ಒಂದು ಹೆಣ್ಣು ನೊಣಾನೂ ದಾಟ್ತಿರ್ಲಿಲ್ಲ. ಅದಕ್ಕೇ ನಾವು ಮನುಷ್ಯರಾದ್ವಿ. ಈಗ ಹೇಳಪ್ಪಾ, ಕೆಳಗಿನ ಸಾಲು ಕಾಣ್ತಿದ್ಯಾ?"

ಅವನು ಮನುಷ್ಯನಾದದ್ದು ಯಾವ ದಿನ ಎಂದು ನನಗಂತೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರೂ ಕಂಡವರಿಲ್ಲ.

ಅವನು ಓದಿದ್ದು ಗುಡ್ಡದ ಮೇಲಿನ ಹುಡುಗರ ಶಾಲೆಯಲ್ಲಿ. ಅಲ್ಲೇ ಉಳಿದು ಓದಬೇಕು, ವರ್ಷಕ್ಕೆ ಎರಡೇ ಸಲ ಮನೆಗೆ ಬರಬೇಕು. ನಾನು ಬೀದಿಯ ಕೊನೆಯ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಹುಡುಗರು, ಹುಡುಗಿಯರು, ಕಾಂಪೌಂಡು ಹಾರಿ ಬರುವ ಮೇಕೆಗಳು ಎಲ್ಲರೂ ಒಟ್ಟಿಗೆ. ಅಣ್ಣನನ್ನು ಗುಡ್ಡಕ್ಕೆ ಕಳಿಸಿದ ಮೇಲೆ ಅಪ್ಪನಿಗೆ ನಡಿಗೆಯೇ ಬದಲಾಗಿತ್ತು. ಅಣ್ಣನಿಗೋ ಕೊಂಬೇ ಬಂದಿತ್ತು. ರಜೆಗೆ ಬಂದರೆ ಕಿಟಕಿ ಪಕ್ಕದ ಬೆತ್ತದ ಕುರ್ಚಿ ಅವನದು. ತಟ್ಟೆ ಅಲ್ಲಿಗೇ ಬರಬೇಕು, ನೀರು ಅಲ್ಲಿಗೇ ಬರಬೇಕು, ತಟ್ಟೆ ಅಲ್ಲಿಂದಲೇ ಹೋಗಬೇಕು. "ಪಾಪ, ಅಲ್ಲಿ ಎಷ್ಟು ಕಷ್ಟಪಡ್ತಾನೋ" ಎಂದು ಅಮ್ಮ ಅವನ ತಲೆ ನೇವರಿಸುತ್ತಿದ್ದಳು. ಅಲ್ಲಿ ಏನು ಕಷ್ಟ ಎಂದು ಅವನು ಬಾಯಿ ಬಿಡುತ್ತಿರಲಿಲ್ಲ. ಲೆಕ್ಕ, ಕವಾಯತು, ಓಟ ಎಂದು ಮೂರು ಮಾತು ಹೇಳಿ ಕಾಲು ಚಾಚುತ್ತಿದ್ದ.

ಒಂದು ಬೇಸಿಗೆಯ ರಜೆಯಲ್ಲಿ ಅಮ್ಮ ಬಚ್ಚಲ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ತೊಡೆಯವರೆಗೆ ಪ್ಲಾಸ್ಟರು ಹಾಕಿ ಮಲಗಿಸಿದರು. ಅಪ್ಪ ಛಾಪಖಾನೆಯಲ್ಲಿ ಅಚ್ಚು ಜೋಡಿಸುವವನು, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಮನೆಯಲ್ಲಿ ಎದ್ದು ಓಡಾಡುವವರು ಎಂದರೆ ಹದಿನೈದು ದಾಟಿದ ಅಣ್ಣ ಮತ್ತು ಅವನ ಎದೆಯಷ್ಟೂ ಎತ್ತರವಿಲ್ಲದ ನಾನು. ಅಡುಗೆಗೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಅಮ್ಮ ಹಾಸಿಗೆಯಿಂದ ಕೂಗಿ ಹೇಳುವುದು, ನಾನು ಮರದ ಪೆಟ್ಟಿಗೆಯ ಮೇಲೆ ನಿಂತು ಒಲೆಯ ಮುಂದೆ ಮಾಡುವುದು. ಅಣ್ಣ ಕುರ್ಚಿಯಲ್ಲಿ ಕೂತು ಪತ್ತೇದಾರಿ ಕಾದಂಬರಿ ಓದುವುದು.

ಮೊದಲನೇ ವಾರದಲ್ಲೇ ಅನ್ನ ಬಸಿಯಲು ಹೋಗಿ ಕೈ ಸುಟ್ಟುಕೊಂಡೆ. ಪಾತ್ರೆ ಬಿಸಿ ಇರುತ್ತದಲ್ಲ ಎಂದು ಜಾಣತನ ಮಾಡಿ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಡಿದಿದ್ದೆ. ಕಾವು ಒದ್ದೆ ಬಟ್ಟೆಯನ್ನು ಹಾದು ಬೆರಳಿಗೆ ಹೊಡೆಯಿತು. ಪಾತ್ರೆ ವಾಲಿ, ಕುದಿಯುವ ಗಂಜಿ ಎಡಗೈ ಮಣಿಕಟ್ಟಿನ ಮೇಲೆ ಹರಿಯಿತು. ಅಣ್ಣ ಬಾಗಿಲವರೆಗೆ ಬಂದ. ಬಂದವನು ಒಳಕ್ಕೆ ಕಾಲಿಡಲಿಲ್ಲ. "ಅಮ್ಮಾ, ಇವಳು ಕೈ ಸುಟ್ಕೊಂಡ್ಲು" ಎಂದು ಅಲ್ಲಿಂದಲೇ ವರದಿ ಒಪ್ಪಿಸಿದ. ಆಮೇಲೆ, ನಾನು ಅಳುತ್ತ ಬಡಿಸಿದ ಅನ್ನವನ್ನು ಬೆರಳಲ್ಲಿ ಒತ್ತಿ ನೋಡಿ, "ಇನ್ನೊಂಚೂರು ಮುಂಚೆ ಇಳಿಸ್ಬೇಕಿತ್ತು" ಎಂದ. ದೊಡ್ಡವರನ್ನು ಕೇಳಿ ಕಲಿತ ಮಾತಿರಬೇಕು ಎಂದುಕೊಂಡೆ. ಗಾಯ ಮಾಗಿತು, ಕಲೆ ಉಳಿಯಿತು. ನಾನೀಗ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಮುದ್ರೆ ಒತ್ತುವಾಗೆಲ್ಲ ಆ ಕಲೆ ನನ್ನ ಕಣ್ಣೆದುರಿಗೇ ಇರುತ್ತದೆ.

ಅಣ್ಣನ ಮದುವೆಗೆ ಅವನ ಶಾಲೆಯ ಗೆಳೆಯರ ದಂಡೇ ಬಂದಿತ್ತು. ಎಲ್ಲರೂ ಅವನನ್ನು "ಸೌಟು, ಸೌಟು" ಎಂದು ಕರೆದು ಬೆನ್ನು ತಟ್ಟುತ್ತಿದ್ದರು. ಹೊಸದಾಗಿ ಬಂದ ಅತ್ತಿಗೆ ಇದೇನು ಹೆಸರು ಎಂದು ಕೇಳಿದಳು. "ಆಗ ನಾನು ಕಡ್ಡಿ ಥರ ಇದ್ದೆ, ತಲೆ ಮಾತ್ರ ದೊಡ್ಡದು. ಅದಕ್ಕೇ ಸೌಟು" ಎಂದ ಅಣ್ಣ. ನಾವೆಲ್ಲ ನಕ್ಕೆವು. ಹೌದಲ್ಲ, ತಲೆ ಈಗಲೂ ದೊಡ್ಡದೇ ಎಂದು ನಾನೂ ಒಂದು ಮಾತು ಸೇರಿಸಿದೆ.

ಅತ್ತಿಗೆ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯರು ಕೈ ಚಾಚುವ ಮೊದಲೇ ಬೇಕಾದ ಕತ್ತರಿ ಅವರ ಅಂಗೈಗೆ ಬಂದಿರುತ್ತದಂತೆ. ಅಂಥವಳು ಮನೆಗೆ ಬಂದ ಕೂಡಲೇ ಇನ್ನೊಬ್ಬನ ಕೈಗೂ ಎಲ್ಲವನ್ನೂ ಇಡಬೇಕು. ಟವೆಲ್ಲು ಕೈಗೆ, ಟೀ ಕೈಗೆ, ಕಾಲುಚೀಲ ಕೈಗೆ. ಅವಳಿಗೆ ರಾತ್ರಿ ಪಾಳಿ ಇದ್ದರೆ ಮೂರು ಡಬ್ಬಿಯಲ್ಲಿ ಊಟ ಹಾಕಿ, ಯಾವುದು ಮೊದಲು ತೆರೆಯಬೇಕು ಎಂದು ಹೇಳಿ ಹೋಗಬೇಕು. ಒಮ್ಮೆ ಹೇಳಲು ಮರೆತಳು. ಅಣ್ಣ ಮುಚ್ಚಿದ ಡಬ್ಬಿಗಳ ಮುಂದೆ ಹಸಿದು ಕೂತಿದ್ದ. ಮಗಳು ಟ್ಯೂಶನ್‌ನಿಂದ ಬಂದು ಮುಚ್ಚಳ ತೆಗೆದಳು. ಇದನ್ನು ಅವನು ನೆಂಟರಿಷ್ಟರ ಮುಂದೆ ದೊಡ್ಡ ತಮಾಷೆಯೆಂಬಂತೆ ಹೇಳಿಕೊಂಡು ನಗುತ್ತಾನೆ. "ನಂಗೆ ನೀರು ಕಾಯ್ಸೋಕೂ ಬರಲ್ಲಪ್ಪಾ" ಎನ್ನುವಾಗ ಅವನ ಮುಖ ನೋಡಬೇಕು, ಪದಕ ಗೆದ್ದವನ ಮುಖ.

ಆಸ್ಪತ್ರೆಯವರು ಅತ್ತಿಗೆಯನ್ನು ಒಂದು ವರ್ಷದ ತರಬೇತಿಗೆ ಆರಿಸಿದ್ದರು. ಬೇರೆ ಊರಿನಲ್ಲಿ, ಅಲ್ಲೇ ಹಾಸ್ಟೆಲಿನಲ್ಲಿದ್ದು ಕಲಿಯಬೇಕು. ಮುಗಿಸಿ ಬಂದರೆ ಶಸ್ತ್ರಚಿಕಿತ್ಸೆ ವಿಭಾಗಕ್ಕೆಲ್ಲ ಅವಳೇ ಮುಖ್ಯಸ್ಥೆ. ಹಿಂದೆ ಎರಡು ಸಲ ಈ ಅವಕಾಶ ಬಂದಾಗ ಅಣ್ಣ ಬೇಡವೆಂದಿರಲಿಲ್ಲ. ಬೇಡವೆನ್ನುವ ಗಂಡಸಾದರೂ ಜಗಳಕ್ಕೆ ಸಿಗುತ್ತಾನೆ. ಇವನು ಮುಖ ಬಾಡಿಸಿಕೊಂಡು, "ಹೋಗು, ನಂದೇನಿದೆ, ಹೋಟ್ಲಲ್ಲಿ ತಿಂದ್ರಾಯ್ತು. ಹೊಟ್ಟೆ ಕೆಟ್ರೆ ಕೆಡ್ಲಿ" ಎಂದು ನಿಟ್ಟುಸಿರು ಬಿಟ್ಟಿದ್ದ. ಅವಳು ಎರಡು ಸಲವೂ ಹೋಗಲಿಲ್ಲ. ಇದು ಮೂರನೆಯದು, ಕೊನೆಯದು ಕೂಡ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ.

ಈ ಸಲ ಅಣ್ಣ ನಿಟ್ಟುಸಿರು ಬಿಡಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದ. ಒಂದು ಭಾನುವಾರ ನಾವೆಲ್ಲ ಕೂತಿದ್ದಾಗ, ತುಂಬಾ ಉದಾರಿಯ ಹಾಗೆ ಕೈ ಬೀಸಿ, "ಆರಾಮಾಗಿ ಹೋಗ್ಬಾ. ಮಗಳು ದೊಡ್ಡೋಳಾದ್ಲಲ್ಲ, ಮನೆ ನೋಡ್ಕೊಳ್ತಾಳೆ" ಎಂದ.

ಅವರ ಮಗಳಿಗೆ ಅದು ಶಾಲೆಯ ಕೊನೆಯ ವರ್ಷ. ಪುಸ್ತಕದಿಂದ ತಲೆ ಎತ್ತದ ಹುಡುಗಿ. ಅಪ್ಪನ ಮಾತು ಕೇಳಿ ಅವಳು ಪೆನ್ನಿನ ಮುಚ್ಚಳ ಹಾಕಿದಳು. ಅವಳ ತಮ್ಮ, ಹದಿಮೂರರ ಹುಡುಗ, ಸೋಫಾದ ಮೇಲೆ ಅಪ್ಪನ ಹಾಗೇ ಕಾಲು ಚಾಚಿ ಕೂತಿದ್ದ. ಮರದ ಪೆಟ್ಟಿಗೆ, ಒಲೆ, ಅಳುತ್ತ ಬಡಿಸಿದ ಆ ಅನ್ನ, ಎಲ್ಲ ಕಣ್ಣ ಮುಂದೆ ಬಂತು. ಅಡುಗೆಮನೆಯಲ್ಲಿ ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿದಳು, "ಅವಳನ್ನ ಈ ಒಲೆ ಮುಂದೆ ನಿಲ್ಲಿಸಿ ನಾನು ಹೋಗೋದಾದ್ರೆ, ಆ ತರಬೇತೀನೇ ಬೇಡ ನಂಗೆ. ನಾಳೆ ಬಿಟ್ಟು ಮುಂದಿನ ಸೋಮವಾರ ಉತ್ತರ ಕೊಡ್ಬೇಕು, ಆಗಲ್ಲ ಅಂತ ಹೇಳ್ಬಿಡ್ತೀನಿ."

ಆ ಸೋಮವಾರಕ್ಕೆ ಮುಂಚೆ ಒಂದು ಶನಿವಾರವಿತ್ತು. ಅಂದು ಗುಡ್ಡದ ಶಾಲೆಗೆ ಐವತ್ತು ತುಂಬಿದ ಸಮಾರಂಭ. ಹಳೆಯ ವಿದ್ಯಾರ್ಥಿಗಳು ಅಲ್ಲಿ ವರ್ಷಕ್ಕೊಮ್ಮೆ ಸೇರುತ್ತಾರೆ. ಅಣ್ಣ ಶುಕ್ರವಾರವೇ ಹೋಗಿ ಭಾನುವಾರ ಬರುತ್ತಾನೆ, ಬಂದವನು ಎಂದಿಗಿಂತ ಹೆಚ್ಚು ಸುಸ್ತಾಗಿರುತ್ತಾನೆ. ಏನು ಮಾಡಿದಿರಿ ಎಂದರೆ ಸಭೆ, ಭಾಷಣ ಎನ್ನುತ್ತಾನೆ. ಹೆಂಗಸರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಐವತ್ತರ ಲೆಕ್ಕದಲ್ಲಿ ಈ ಸಲ ಮನೆಯವರನ್ನೂ ಕರೆದಿದ್ದರು. ಸಂಜೆ ಐದಕ್ಕೆ ಬರಬೇಕು, ಸಭೆ ನೋಡಬೇಕು, ಊಟ ಮಾಡಿ ಹೋಗಬೇಕು.

ನಾನು, ಅತ್ತಿಗೆ ಮೂರು ಗಂಟೆಗೇ ಹೋಗಿ ಇಳಿದೆವು. ನನ್ನ ಗಂಡ ಹಾಲಿನ ವ್ಯಾನು ಓಡಿಸುತ್ತಾನೆ. ಆ ಹೊತ್ತಿಗೆ ಅವನಿಗೆ ಆ ಕಡೆ ಹೋಗುವುದಿತ್ತು. ಖಾಲಿ ಕ್ಯಾನುಗಳ ನಡುವೆ ಕೂತು ಹೋದೆವು. ಮುಂದಿನ ಗೇಟಿಗೆ ಏಣಿ ಹಾಕಿ ದೀಪದ ಸರ ಕಟ್ಟುತ್ತಿದ್ದರು. ಹಿಂದಿನಿಂದ ಹೋಗಿ ಎಂದು ಅಲ್ಲಿದ್ದವನು ಕೈ ತೋರಿಸಿದ. ಹಿಂದಿನ ದಾರಿ ನೇರ ಅಡುಗೆಮನೆಯ ಪಕ್ಕದಲ್ಲಿ ಹಾದುಹೋಗುತ್ತದೆ. ಬಾಗಿಲು ಹಾರುಹೊಡೆದಿತ್ತು.

ಒಳಗೆ ನಡುವಯಸ್ಸಿನ ಗಂಡಸರು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬಿದ್ದಿದ್ದರು. ಬ್ಯಾಂಕಿನ ಮ್ಯಾನೇಜರೊಬ್ಬ ನೆಲದ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಮದುವೆಯಲ್ಲಿ ನಾನು ನೋಡಿದ್ದ ವಕೀಲ ಮೊಣಕೈವರೆಗೆ ನೊರೆ ಮಾಡಿಕೊಂಡು ಪಾತ್ರೆ ತಿಕ್ಕುತ್ತಿದ್ದ. ನಡುವೆ, ದೊಡ್ಡ ಒಲೆಗಳ ಮುಂದೆ, ಅಂಗಿಯ ತೋಳು ಮಡಚಿ ನಿಂತಿದ್ದವನು ನನ್ನ ಅಣ್ಣ. ಒಂದು ಕೈಯಲ್ಲಿ ಒಗ್ಗರಣೆ ಹುರಿಯುತ್ತಿದ್ದಾನೆ, ಇನ್ನೊಂದು ಕೈಯಲ್ಲಿ ಪಕ್ಕದ ಪಾತ್ರೆಯ ಉರಿ ತಗ್ಗಿಸುತ್ತಿದ್ದಾನೆ, ಬಾಯಲ್ಲಿ ಶಾಲೆಯ ಹಾಡು. ಯಾರೋ ಅಂಗಿ ಹರಿದುಕೊಂಡು ಬಂದರು. ಅಣ್ಣ ಕಿಸೆಯಿಂದ ಸೂಜಿ ತೆಗೆದ, ನಿಂತ ನಿಲುವಿನಲ್ಲೇ ನಾಲ್ಕು ಹೊಲಿಗೆ ಹಾಕಿದ, ದಾರವನ್ನು ಹಲ್ಲಲ್ಲಿ ಕಡಿದು, "ಹೋಗು" ಎಂದು ಬೆನ್ನಿಗೆ ಗುದ್ದಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು ಆ ಕೆಲಸ. ನಾವಿಬ್ಬರೂ ಬೆಕ್ಕಸ ಬೆರಗಾಗಿ ನಿಂತೆವು.

ಆಗ ಆ ಮ್ಯಾನೇಜರು ಅನ್ನ ಬಸಿಯಲು ಎದ್ದ. ಬಟ್ಟೆಯನ್ನು ನೀರಿಗೆ ಅದ್ದಲು ಹೋದ. ಅಣ್ಣ ಓಡಿಬಂದು ಅವನ ಕೈ ಹಿಡಿದುಕೊಂಡ.

"ಏಯ್, ಒದ್ದೆ ಬಟ್ಟೆ ಬೇಡ ಕಣೋ! ಕಾವು ಸೀದಾ ಒಳಗೆ ಬರುತ್ತೆ, ಕೈ ಬೆಂದೋಗುತ್ತೆ. ಒಣಗಿದ್ದು ತಗೋ. ಎರಡು ಮಡಿಕೆ ಮಾಡು. ಹಾಂ, ಹಾಗೆ. ಮುಖ ಆ ಕಡೆ ತಿರುಗ್ಸು. ನಿಧಾನ, ನಿಧಾನ. ಏಳನೇ ಕ್ಲಾಸಲ್ಲೇ ಹೇಳ್ಕೊಟ್ಟಿಲ್ವೇನೋ ನಿಂಗೆ?"

ಎಷ್ಟು ಅಕ್ಕರೆಯಿಂದ ಹೇಳಿದ ಎಂದರೆ, ನನಗೆ ಅಲ್ಲೇ ಕೂತು ಅತ್ತುಬಿಡಬೇಕು ಎನಿಸಿತು. ಏಳನೇ ಕ್ಲಾಸಿನಲ್ಲೇ! ಅಂದರೆ ಆ ಬೇಸಿಗೆಯಲ್ಲಿ, ನಾನು ಪೆಟ್ಟಿಗೆ ಹತ್ತಿ ನಿಂತು ಬಟ್ಟೆ ಅದ್ದಿಕೊಳ್ಳುತ್ತಿದ್ದಾಗ, ಅವನಿಗೆ ಇದೆಲ್ಲ ಗೊತ್ತಿತ್ತು. ಕುರ್ಚಿಯಿಂದ ಏಳುವುದೂ ಬೇಡವಿತ್ತು, ಒಂದು ಮಾತು ಕೂಗಿದ್ದರೆ ಸಾಕಿತ್ತು. ನಾನು ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡೆ. ಒಡಹುಟ್ಟಿದವನ ಮೇಲೆ ಅಂಥ ಹೇಸಿಗೆ ನನಗೆ ಹಿಂದೆಂದೂ ಹುಟ್ಟಿರಲಿಲ್ಲ.

ವಕೀಲ ನಮ್ಮನ್ನು ನೋಡಿ ನೊರೆಯ ಕೈಯಲ್ಲೇ ಬಾಗಿಲಿಗೆ ಬಂದ. ಪಾಪ, ಒಳ್ಳೆಯ ಮನುಷ್ಯ. "ಬನ್ನಿ, ಬನ್ನಿ ಅತ್ತಿಗೆ! ನಮ್ಮ ಶಾಲೇಲಿ ಕೆಲಸದವರೇ ಇರ್ಲಿಲ್ಲ ನೋಡಿ. ಹೆಂಗಸ್ರನ್ನಂತೂ ಒಳಗೇ ಬಿಡ್ತಿರ್ಲಿಲ್ಲ. ಹಾಗಾಗಿ ಬೇಯ್ಸೋದು, ತೊಳೆಯೋದು, ಹೊಲಿಯೋದು, ಜ್ವರ ಬಂದೋರ್ನ ನೋಡ್ಕೊಳ್ಳೋದು ಎಲ್ಲಾ ನಾವೇ. ನಿಮ್ಮ ಯಜಮಾನ್ರು ಐದು ವರ್ಷ ಅಡುಗೆಮನೆ ನಾಯಕ. ಸೌಟು ಅಂತ ಸುಮ್ನೆ ಹೆಸರು ಬಂತಾ? ನಂಗೂ ಇವನೇ ಕಲ್ಸಿದ್ದು. ನಮ್ಮ ಮನೇಲಿ ಈಗ್ಲೂ ಸಂಜೆ ಅಡುಗೆ ನಂದೇ. ನಿಮ್ಗಂತೂ ಅಡುಗೆಮನೆ ಕಡೆ ತಲೆ ಹಾಕೋ ಕೆಲಸಾನೇ ಇರಲ್ಲ ಬಿಡಿ."

ಅಣ್ಣ ತಿರುಗಿ ನೋಡಿದ್ದು ಆಗ. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಾಡು ಅರ್ಧಕ್ಕೇ ನಿಂತಿತು. ಅದಕ್ಕಿಂತ ವಿಚಿತ್ರ ಅವನ ಕೈಯದು. ಅಷ್ಟು ಹೊತ್ತು ಸರಸರ ಆಡುತ್ತಿದ್ದ ಕೈ ಹಾಗೇ ಸೋತು ಇಳಿಯಿತು. ಸೌಟು ಹಿಡಿದಿದ್ದ ಬೆರಳು ಸಡಿಲವಾದವು. ನಮ್ಮ ಕಣ್ಣೆದುರಿಗೇ ಅವನು ಮನೆಯ ಅಣ್ಣನಾಗಿಬಿಟ್ಟ. "ಇವರು... ಇವರು ಸುಮ್ನೆ ನಿಲ್ಸಿದ್ರು" ಎಂದ. ಹಿಂದೆ ಒಗ್ಗರಣೆ ಸೀಯಿತು.

ಸಂಜೆಯ ಸಭೆಯಲ್ಲಿ ನಮ್ಮನ್ನು ಮೂರನೇ ಸಾಲಿನಲ್ಲಿ ಕೂರಿಸಿದರು. ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ಮೊದಲೇ ಗೊತ್ತುಮಾಡಿದ್ದವನು, ಇನ್ಯಾರು, ನನ್ನ ಅಣ್ಣನೇ. ತಪ್ಪಿಸಿಕೊಳ್ಳುವಂತಿರಲಿಲ್ಲ. ಅಂಗಡಿಯ ಅದೇ ಭಾಷಣ, ಇಲ್ಲಿ ಮೈಕು ಬೇರೆ. "ಗಂಡುಮಕ್ಕಳ ಶಾಲೆಯ ಮಹಾ ಪ್ರಯೋಜನವೆಂದರೆ ಸ್ವಾವಲಂಬನೆ. ಇಂಥ ಕೆಲಸ ಇಂಥವರದು ಎಂಬ ಭೇದವೇ ಇಲ್ಲಿರಲಿಲ್ಲ. ನಾವು ಯಾರ ಮೇಲೂ ಭಾರವಾಗದೆ ಬದುಕುವುದನ್ನು ಕಲಿತೆವು" ಎಂದು ಓದಿದ. ಓದುವಾಗ ಕಾಗದದಿಂದ ಕಣ್ಣೆತ್ತಲಿಲ್ಲ. ಎತ್ತಿದ್ದರೆ ಮೂರನೇ ಸಾಲು ಕಾಣುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಅತ್ತಿಗೆಯೂ ತಟ್ಟಿದಳು, ಎಲ್ಲರೂ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ತಟ್ಟಿದಳು.

ಒಂದು ಮಾತು ಹೇಳಬೇಕು. ಆ ಶಾಲೆಯ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬೀದಿಯ ಶಾಲೆಯಲ್ಲಿ ಗಂಡುಹುಡುಗರು ಕಸ ಹಾಕುತ್ತಿದ್ದರು, ನಾವು ಹುಡುಗಿಯರು ಗುಡಿಸುತ್ತಿದ್ದೆವು. ಅದು ಹಾಗೇ ಎಂದು ಮೇಷ್ಟ್ರುಗಳೂ ತಿಳಿದಿದ್ದರು, ನಾವೂ ತಿಳಿದಿದ್ದೆವು. ಗುಡ್ಡದ ಶಾಲೆಯಲ್ಲಿ ಗುಡಿಸಲು ಹುಡುಗಿಯರಿರಲಿಲ್ಲ, ಆದ್ದರಿಂದ ಹುಡುಗರು ಗುಡಿಸಲು ಕಲಿತರು. ಅದು ನಿಜವಾದ ವಿದ್ಯೆ. ಆ ವಕೀಲನಂಥವನು ಅದನ್ನು ಮನೆಗೂ ತಂದ. ನನ್ನ ಅಣ್ಣ ಮಾತ್ರ ರಜೆಗೆ ಬರುವಾಗ ಸಮವಸ್ತ್ರದ ಜೊತೆ ಅದನ್ನೂ ಮಡಚಿ ಶಾಲೆಯ ಪೆಟ್ಟಿಗೆಯಲ್ಲೇ ಇಟ್ಟು ಬರುತ್ತಿದ್ದ. ಮನೆಯಲ್ಲಿ ನಾವಿದ್ದೆವಲ್ಲ.

ಭಾನುವಾರ ಬೆಳಿಗ್ಗೆ ಅಣ್ಣ ಬಂದಾಗ ನಾನು ಅವನ ಮನೆಯಲ್ಲೇ ಇದ್ದೆ. ಬೇಕೆಂದೇ ಹೋಗಿ ಕೂತಿದ್ದೆ. ಅವನು ಒಳಗೆ ಬಂದು, ಚಪ್ಪಲಿ ಬಿಟ್ಟು, ಅಭ್ಯಾಸಬಲದಿಂದ ಟವೆಲ್ಲಿಗೆ ಕೈ ಚಾಚಿದ. ಅತ್ತಿಗೆ ಕೊಡಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೆಂದಿದ್ದೆ, ಆಗಲಿಲ್ಲ. ಎಡಗೈಯನ್ನು ಅವನ ಮೂಗಿನ ಹತ್ತಿರ ಹಿಡಿದೆ.

"ಒದ್ದೆ ಬಟ್ಟೆ ಬೇಡ ಅಂತ ನಂಗ್ಯಾಕೋ ಹೇಳ್ಲಿಲ್ಲ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತ. "ನಂಗೆ ಹೊಳೀಲೇ ಇಲ್ಲ ಕಣೆ" ಎಂದ. "ಅಮ್ಮ ಇದ್ಲು, ನೀನಿದ್ದೆ. ಅದು ನಿಮ್ಮ ಜಾಗ ಅನ್ನಿಸ್ತು. ಅಲ್ಲಿ ಬೇರೆ, ಇಲ್ಲಿ ಬೇರೆ."

"ಏನು ಬೇರೆ?" ಅತ್ತಿಗೆ ಕೇಳಿದಳು. ದನಿ ಏರಿಸಲಿಲ್ಲ. ರೋಗಿಯನ್ನು ಎಲ್ಲಿ ನೋವು ಎಂದು ಕೇಳುವ ದನಿ ಅದು.

"ಬೇಕೂಂತ ಸುಳ್ಳು ಹೇಳಿದ್ದಲ್ಲ. ನಿಜವಾಗ್ಲೂ ಆಗಲ್ಲ. ಹೆಂಗಸ್ರು ಯಾರಾದ್ರೂ ಇದ್ರೆ ನಂಗೆ ಕೈಯೇ ಓಡಲ್ಲ. ಸೂಜಿ ಹಿಡಿದ್ರೂ ಬೆರಳು ಮರಗಟ್ಟುತ್ತೆ. ನೀನು ನಂಬ್ತೀಯೋ ಬಿಡ್ತೀಯೋ."

ನಾನು ಮೂಗು ಮುರಿದೆ. ಸೋಗು ಹಾಕುವವನಾಗಿದ್ದರೆ ನಾಲ್ಕು ಬೈದು ಮುಗಿಸಬಹುದಿತ್ತು. ಇವನೋ ತನ್ನ ಸೋಗನ್ನು ತಾನೇ ನಂಬಿ, ಅದರೊಳಗೆ ಹಾಯಾಗಿ ವಾಸ ಮಾಡುತ್ತಿದ್ದ. ಅಂಥವನನ್ನು ಏನೆಂದು ಬೈಯುವುದು? ಅತ್ತಿಗೆ ಮಾತ್ರ ಅವನನ್ನೇ ನೋಡುತ್ತ ನಿಂತಿದ್ದಳು.

"ನಂಬ್ತೀನಿ" ಎಂದಳು. "ಹೆಂಗಸ್ರಿದ್ರೆ ಆಗಲ್ಲ. ಹೆಂಗಸ್ರು ಇಲ್ದಿದ್ರೆ ಆಗುತ್ತೆ. ಅಷ್ಟೇ ತಾನೇ?"

"ಹೂಂ, ಅಷ್ಟೇ" ಎಂದ ಅಣ್ಣ, ಗಂಡಾಂತರ ಕಳೆಯಿತೆಂಬ ಮುಖದಲ್ಲಿ.

"ಹಾಗಾದ್ರೆ ಮುಂದಿನ ತಿಂಗಳಿಂದ ಒಂದು ವರ್ಷ ಈ ಮನೇಲಿ ಹೆಂಗಸ್ರೇ ಇರಲ್ಲ. ನಾನು ತರಬೇತಿಗೆ ಹೋಗ್ತೀನಿ. ಮಗಳು ಅವಳತ್ತೆ ಮನೇಲಿದ್ದು ಓದ್ಕೊಳ್ತಾಳೆ. ನೀವೂ ನಿಮ್ಮ ಮಗಾನೂ ಇರಿ. ಹುಡುಗರನ್ನ ಹುಡುಗರ ಜೊತೇನೇ ಓದಿಸ್ಬೇಕು ಅಂತೀರಲ್ಲ, ಮನೇಲೇ ಶಾಲೆ ಆಯ್ತು. ಅವನಿಗೂ ಒಳ್ಳೇದಾಗ್ಲಿ."

ಮಗಳನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳುವ ಮಾತು ನಾವಿಬ್ಬರೂ ಮೊದಲೇ ಆಡಿಕೊಂಡಿರಲಿಲ್ಲ. ಅತ್ತಿಗೆ ನನ್ನ ಕಡೆ ನೋಡಿದಳು, ನಾನು ತಲೆ ಆಡಿಸಿದೆ. ಒಳಗಿನ ಕೋಣೆಯಲ್ಲಿ ಹುಡುಗಿ ಆಗಲೇ ಪುಸ್ತಕ ಜೋಡಿಸುವ ಸದ್ದು ಕೇಳುತ್ತಿತ್ತು. ಅಣ್ಣ ಆ ಸದ್ದಿನ ಕಡೆ ತಿರುಗಿದ. ಇಪ್ಪತ್ತು ವರ್ಷ ಗಿರಾಕಿಗಳ ಮುಂದೆ ತಾನೇ ಹೇಳಿಕೊಂಡು ಬಂದ ಮಾತಿಗೆ ಈಗ ಎದುರಾಡುವುದು ಹೇಗೆ? "ಹೋಟ್ಲಲ್ಲಿ..." ಎಂದು ಏನೋ ಶುರು ಮಾಡಿದ. "ಅಡುಗೆಮನೆ ನಾಯಕರು ಹೋಟ್ಲಲ್ಲಿ ತಿಂದ್ರೆ ನಿಮ್ಮ ವಕೀಲ್ರು ನಗಲ್ವಾ?" ಎಂದಳು ಅತ್ತಿಗೆ. ಸೋಮವಾರ ಆಸ್ಪತ್ರೆಗೆ ಹೋಗಿ ತರಬೇತಿಗೆ ಒಪ್ಪಿ ಬಂದಳು.

ಅವಳು ಬಸ್ಸು ಹತ್ತಿದ ದಿನ ಅಣ್ಣ ದಾರಿಗೆ ಊಟದ ಡಬ್ಬಿ ಕಟ್ಟಿಕೊಡುತ್ತಾನೇನೋ ಎಂದು ನಾನು ಕಾದು ನೋಡಿದೆ. ಕೊಡಲಿಲ್ಲ. ಅವಳೇ ಕಟ್ಟಿಕೊಂಡಿದ್ದಳು. ಹೆಂಗಸು ಇನ್ನೂ ಮನೆಯಲ್ಲಿದ್ದಳಲ್ಲ, ಅವನ ಕೈ ಹೇಗೆ ಓಡೀತು?

ಮಗಳು ನನ್ನ ಮನೆಯ ಮೇಲಿನ ಕೋಣೆಯಲ್ಲಿ ಮೇಜು ಹಾಕಿಕೊಂಡಳು. ಮೊದಲ ದಿನ ಊಟವಾದ ಮೇಲೆ ಅಭ್ಯಾಸದಂತೆ ಎಲ್ಲರ ತಟ್ಟೆ ಎತ್ತಲು ಬಂದಳು. ನನ್ನ ಗಂಡ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡು ಓದಲು ಅಟ್ಟಿದ. ಅವನೇನು ಗುಡ್ಡದ ಶಾಲೆಯವನಲ್ಲ, ಮೇಕೆಗಳ ಜೊತೆ ಓದಿದವನು.

ಚಳಿ ಶುರುವಾದಾಗ ಹುಡುಗಿಗೆ ಸ್ವೆಟರು ಬೇಕಾಯಿತು. ತರಲು ನಾನೇ ಅಣ್ಣನ ಮನೆಗೆ ಹೋದೆ. ಹಿತ್ತಲಿನ ತಂತಿಯ ಮೇಲೆ ಅಂಗಿಗಳು ಸಾಲಾಗಿ ಒಣಗುತ್ತಿದ್ದವು, ತೋಳುಗಳನ್ನು ಒಳಮುಖ ಮಾಡಿ ಒಪ್ಪವಾಗಿ ಹಾಕಿದ್ದರು. ಕಿಟಕಿಯಿಂದ ಈರುಳ್ಳಿ ಕೆಂಪಗೆ ಹುರಿದ ವಾಸನೆ ಬರುತ್ತಿತ್ತು. ಶಾಲೆಯ ಹಾಡೂ ಬರುತ್ತಿತ್ತು, ಒಂದು ದಪ್ಪ ದನಿ, ಅದರ ಜೊತೆ ಈಗ ತಾನೇ ಒಡೆಯುತ್ತಿರುವ ಇನ್ನೊಂದು ದನಿ. ನಡುವೆ ಹಾಡು ನಿಲ್ಲಿಸಿ ಅಣ್ಣ ಹೇಳುವುದು ಕೇಳಿಸಿತು. "ಒಣಗಿದ್ ಬಟ್ಟೆ ಕಣೋ. ಎರಡು ಮಡಿಕೆ. ಹಾಂ, ಮುಖ ಆ ಕಡೆ."

ನನಗೆ ಒಂದು ಕ್ಷಣ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅರೆ ತೆರೆದಿದ್ದ ಬಾಗಿಲನ್ನು ದೂಡಿದೆ. ಅಡುಗೆಮನೆ ಎದುರಿಗೇ ಕಾಣುತ್ತದೆ. ಹುಡುಗ ಬಸಿಯುವ ಪಾತ್ರೆ ಹಿಡಿದಿದ್ದ. ಅಣ್ಣ ಅಂಗಿಯ ತೋಳು ಮಡಚಿ, ಸೌಟು ಹಿಡಿದು, ಸೇನಾಪತಿಯ ಹಾಗೆ ಪಕ್ಕದಲ್ಲಿ ನಿಂತಿದ್ದ. ನನ್ನನ್ನು ನೋಡಿದ. ಆ ಬೆರಳುಗಳು ಸಡಿಲವಾದದ್ದನ್ನು ನಾನು ಮತ್ತೆ ಕಣ್ಣಾರೆ ಕಂಡೆ. ಭುಜ ಇಳಿಯಿತು, ಮುಖ ಬಾಡಿತು, ದನಿಯೂ ಬದಲಾಯಿತು.

"ಬಂದ್ಯಾ? ಒಳ್ಳೇ ಹೊತ್ತಿಗೆ ಬಂದೆ ನೋಡು" ಎಂದು ಸೌಟನ್ನು ನನ್ನ ಕಡೆ ಚಾಚಿದ. "ಇದು ಯಾಕೋ ತಳ ಹಿಡೀತಿದೆ. ನಂಗೆ ಗೊತ್ತಾಗ್ತಿಲ್ಲ, ನೀನೇ ಒಂಚೂರು ನೋಡ್ಬಾ."

ಹುಡುಗ ಪಾತ್ರೆ ಕೆಳಗಿಟ್ಟು ಅಪ್ಪನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ಹೊಸ್ತಿಲಿನ ಈಚೆಯೇ ನಿಂತೆ.

"ನಿಮ್ಮಕ್ಕನ ಸ್ವೆಟರ್ ತಗೊಂಬಾ ಮರಿ" ಎಂದೆ ಹುಡುಗನಿಗೆ. ಅವನು ತಂದುಕೊಟ್ಟ. ನಾನು ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ಒಳಗೆ ಸದ್ದಿರಲಿಲ್ಲ. ಆಮೇಲೆ ಹುಡುಗನ ದನಿ ಕೇಳಿಸಿತು, "ಅಪ್ಪಾ, ಅತ್ತೆ ಹೋದ್ರು." ಅದರ ಹಿಂದೆಯೇ ಸೌಟು ಪಾತ್ರೆಗೆ ತಾಗಿದ ಸದ್ದು ಶುರುವಾಯಿತು, ಸರಸರನೆ, ಒಂದು ಚೂರೂ ತಪ್ಪದೆ.